ಫೈಲ್ ಸೈಜು "1024.0 ಕೆಬಿ" ಅಂತ ಯಾಕೆ ಬರತ್ತೆ?

ಪ್ರಶ್ನೆ: ಸರ್, ಜಾವಾಸ್ಕ್ರಿಪ್ಟಲ್ಲಿ ಫೈಲ್ ಅಪ್‌ಲೋಡ್ ಪೇಜ್ ಮಾಡ್ತಿದೀನಿ. ಸೈಜು ಕೆಬಿ, ಎಂಬಿ ಅಂತ ತೋರ್ಸೋಕೆ ನೆಟ್ಟಲ್ಲಿ ಸಿಕ್ಕ ಲಾಗರಿದಂ ಫಂಕ್ಷನ್ ಹಾಕ್ಕೊಂಡೆ. ಖಾಲಿ ಫೈಲಿಗೆ "ನ್ಯಾನ್ ಅನ್‌ಡಿಫೈನ್ಡ್" ಅಂತ ಬರತ್ತೆ, ಇನ್ನೊಂದಕ್ಕೆ "1024.0 ಕೆಬಿ" ಅಂತ ಬಂತು. ಅದೂ ಅಲ್ದೆ ಒಂದೇ ಫೈಲಿಗೆ ವಿಂಡೋಸಲ್ಲಿ ಒಂದು ಸೈಜು, ಮ್ಯಾಕಲ್ಲಿ ಇನ್ನೊಂದು. ಯಾವ್ದು ಸರಿ?

ಉತ್ತರ: ಕೊನೇದನ್ನ ಮೊದ್ಲು ನೋಡೋಣ, ಯಾಕಂದ್ರೆ ಅದು ಬಗ್ (ಕೋಡಿನ ತಪ್ಪು) ಅಲ್ವೇ ಅಲ್ಲ. ವಿಂಡೋಸ್ 1024ರಿಂದ ಭಾಗಿಸತ್ತೆ, ಮ್ಯಾಕು 2009ರ ಸ್ನೋ ಲೆಪರ್ಡ್ ಬಂದಾಗಿಂದ 1000ದಿಂದ ಭಾಗಿಸತ್ತೆ, ಆದ್ರೆ ಎರಡೂ ಬರಿಯೋದು ಎಂಬಿ, ಜಿಬಿ ಅಂತಾನೇ. ಹಾರ್ಡ್‌ಡಿಸ್ಕ್ ಮಾಡೋರೂ 1000ದ ಲೆಕ್ಕದವ್ರೇ, ಅದಕ್ಕೇ 500 ಜಿಬಿ ಡಿಸ್ಕ್ ತಂದು ಹಾಕಿದ್ರೆ ವಿಂಡೋಸ್ 465 ಅನ್ನತ್ತೆ, ಪಾಪ ಅಂಗಡಿಯವ್ನು ಮೋಸ ಮಾಡಿಲ್ಲ. 1998ರಲ್ಲೇ ಐಇಸಿಯವ್ರು (ವಿದ್ಯುತ್, ಎಲೆಕ್ಟ್ರಾನಿಕ್ಸಿಗೆ ಅಂತಾರಾಷ್ಟ್ರೀಯ ಮಾನಕ ಮಾಡೋ ಸಂಸ್ಥೆ) 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್ ಅಂತ ಬೇರೆ ಹೆಸ್ರು ಇಟ್ರು, ಲಿನಕ್ಸ್ ಜನ ಬಿಟ್ರೆ ಹೆಚ್ಚಿನವ್ರು ಕ್ಯಾರೇ ಅನ್ಲಿಲ್ಲ. (ಹಳೇ ಫ್ಲಾಪಿಯ 1.44 ಎಂಬಿ ಇನ್ನೂ ಮಜಾ, ಅದ್ರಲ್ಲಿ ಒಂದು ಎಂಬಿ ಅಂದ್ರೆ 1000 ಸಲ 1024!)

ನಿಮ್ದು ಅಪ್‌ಲೋಡ್ ಪೇಜು ಅಲ್ವಾ, ಹಂಗಾಗಿ ಸರ್ವರ್ ಯಾವ ಲೆಕ್ಕದಲ್ಲಿ ಲಿಮಿಟ್ ಹಾಕತ್ತೋ ಅದೇ ಲೆಕ್ಕ ಇಟ್ಕೊಳ್ಳಿ. ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಸಾಫ್ಟ್‌ವೇರಲ್ಲಿ 10 ಎಂಬಿ ಲಿಮಿಟ್ ಅಂದ್ರೆ 1,04,85,760 ಬೈಟ್, ನೀವು 1000ದಿಂದ ಭಾಗಿಸಿದ್ರೆ "10.4 ಎಂಬಿ" ಅಂತ ತೋರ್ಸಿದ ಫೈಲೂ ಒಳಗೆ ಹೋಗ್ಬಿಡತ್ತೆ, ಯೂಸರ್‌ಗೆ ತಲೆ ಕೆಡತ್ತೆ.

ಈಗ ಬಗ್‌ಗಳು. ಆ ಫಂಕ್ಷನ್ ಸೈಜಿನ ಲಾಗ್ ತಗೊಂಡು, ಯೂನಿಟ್ ಪಟ್ಟಿಲಿ ಎಷ್ಟನೇದು (ಇಂಡೆಕ್ಸ್) ಬೇಕು ಅಂತ ಆರ್ಸತ್ತೆ. ಸೊನ್ನೆಯ ಲಾಗ್ ತಗೊಂಡ್ರೆ ಮೈನಸ್ ಇನ್ಫಿನಿಟಿ ಬರತ್ತೆ, ಆ ಇಂಡೆಕ್ಸಲ್ಲಿ ಯಾವ ಯೂನಿಟ್ಟೂ ಇರಲ್ಲ, ಅದಕ್ಕೇ ಅನ್‌ಡಿಫೈನ್ಡ್; ಭಾಗಿಸೋ ಲೆಕ್ಕವೂ ಸೊನ್ನೆ ಭಾಗಿಸು ಸೊನ್ನೆ ಆಗತ್ತೆ, ಅದಕ್ಕೇ ನ್ಯಾನ್ ("ಸಂಖ್ಯೆ ಅಲ್ಲ" ಅಂತ). 1024.0 ಬರೋದು ಯೂನಿಟ್ ಆರ್ಸಿದ್ಮೇಲೆ ರೌಂಡ್ ಮಾಡೋದ್ರಿಂದ: 10,48,575 ಬೈಟ್ ಅಂದ್ರೆ 1023.999 ಕೆಬಿ, ಲಾಗ್ ಇದನ್ನ ಕೆಬಿಲೇ ನಿಲ್ಸತ್ತೆ, ಆಮೇಲೆ ಒಂದು ದಶಮಾಂಶಕ್ಕೆ ರೌಂಡ್ ಮಾಡಿದಾಗ 1024.0 ಆಗತ್ತೆ. ಲಾಗರಿದಮ್ಮನ್ನ ಕಿತ್ತಾಕಿ ಸರ್, ಇಷ್ಟು ಸಣ್ಣ ಕೆಲ್ಸಕ್ಕೆ ಅದ್ಯಾಕೆ. ಒಂದು ವೈಲ್ ಲೂಪ್ ಸಾಕು, ರೌಂಡ್ ಮಾಡಿದ ಬೆಲೆ 1024 ಅಥವಾ ಜಾಸ್ತಿ ಇರೋವರ್ಗೂ, ಕೊನೇ ಯೂನಿಟ್ ಮುಟ್ಟಿಲ್ಲ ಅಂದ್ರೆ, ಭಾಗಿಸ್ತಾ ಹೋಗಿ ಯೂನಿಟ್ ಒಂದೊಂದೇ ಏರ್ಸಿ. ಸೊನ್ನೆ ಲೂಪ್ ಒಳಗೇ ಹೋಗಲ್ಲ, "0 ಬೈಟ್" ಅಂತ ಬರತ್ತೆ. ಭಾಗಿಸೋಕೆ ಬಿಟ್ ಶಿಫ್ಟ್ (ಬಿಟ್‌ಗಳನ್ನ ಬಲಕ್ಕೆ ಸರ್ಸಿ ಭಾಗಿಸೋದು) ಬಳಸ್ಬೇಡಿ, ಜಾವಾಸ್ಕ್ರಿಪ್ಟಲ್ಲಿ ಅದು 32 ಬಿಟ್ಟಿಗೇ ಸೀಮಿತ, 2 ಜಿಬಿ ಮುಟ್ತಿದ್ದಂಗೆ ಸೈಜು ಮೈನಸ್ಸಲ್ಲಿ ಬರತ್ತೆ.

ಡೇಟಾಬೇಸಲ್ಲಿ ಮಾತ್ರ ಬರೀ ಬೈಟ್ ಸಂಖ್ಯೆ ಇಡಿ, "9 ಕೆಬಿ" ಅಂತ ಟೆಕ್ಸ್ಟ್ ಇಟ್ರೆ ಸಾರ್ಟ್ ಮಾಡಿದಾಗ ಅದು "10 ಎಂಬಿ"ಗಿಂತ ದೊಡ್ದು ಅಂತ ಕೂತಿರತ್ತೆ.