ಜಪಾನಿನ ಹೆಸರಾಂತ ಕುಂಬಾರ ಹಮಾದಾ ಶೋಜಿ ತಮ್ಮ ಪಾತ್ರೆಗಳ ಮೇಲೆ ಸಹಿ ಯಾಕೆ ಹಾಕುತ್ತಿರಲಿಲ್ಲ?

ಸಹಿ ಇಲ್ಲದಿದ್ದರೆ ಅವರದ್ದೇ ಅಂತ ಗೊತ್ತಾಗುವುದು ಹೇಗೆ ಅಂತಲೂ ಕೇಳಿದ್ದೀರಿ. ನಾನು ಕೆಲವು ವರ್ಷಗಳಿಂದ ತಿಗರಿ ಮುಂದೆ ಕೂರುತ್ತಿರುವವಳು. ಹಮಾದಾ ಅಂದರೆ ನನಗೆ ತುಂಬಾ ಪ್ರೀತಿ.

ಮೊದಮೊದಲು ಅವರೂ ಗುರುತು ಹಾಕುತ್ತಿದ್ದರು. 1920ರಲ್ಲಿ ಗೆಳೆಯ, ಇಂಗ್ಲಿಷ್ ಕುಂಬಾರ ಬರ್ನಾರ್ಡ್ ಲೀಚ್ ಜೊತೆ ಇಂಗ್ಲೆಂಡಿನ ಸೇಂಟ್ ಐವ್ಸ್‌ಗೆ ಹೋಗಿ ಕೆಲಸ ಮಾಡಿದಾಗ ಪಾತ್ರೆಗಳಿಗೆ ಮುದ್ರೆ ಒತ್ತುತ್ತಿದ್ದರು. ಜಪಾನಿಗೆ ಮರಳಿ, 1924ರಲ್ಲಿ ಮಾಶಿಕೊ ಎಂಬ ಕುಂಬಾರರ ಊರು ಸೇರಿದ ಮೇಲೆ ಅದನ್ನು ಬಿಟ್ಟರು.

ಕಾರಣ ಆ ಊರಲ್ಲೇ ಇದೆ ಅನ್ನಿಸುತ್ತದೆ. ಅಲ್ಲಿನ ಕುಂಬಾರರು ಟೋಕಿಯೊದ ಅಡುಗೆಮನೆಗಳಿಗೆ ನೀರಿನ ಮಡಕೆ, ಜಾಡಿ, ಟೀ ಪಾತ್ರೆ ಮಾಡಿ ಕಳಿಸುತ್ತಿದ್ದರು. ದಿನಬಳಕೆಯ ಸಾಮಾನಿಗೆ ಹೆಸರು ಯಾರು ಬರೆಯುತ್ತಾರೆ? ಹಮಾದಾ ಕಾಲೇಜಿನಲ್ಲಿ ಪಿಂಗಾಣಿ ಕೆಲಸ ಓದಿದವರು. ಕ್ಯೋಟೊದ ಪ್ರಯೋಗಾಲಯದಲ್ಲಿ ಗೆಳೆಯ ಕವಾಯಿ ಕಾಂಜಿರೊ ಜೊತೆ ಸಾವಿರಾರು ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಪರೀಕ್ಷೆ ಮಾಡಿದವರು. ಅಷ್ಟು ಗೊತ್ತಿದ್ದೂ ಮಾಶಿಕೊದ ಒರಟು ಮಣ್ಣನ್ನೇ ಹಿಡಿದರು. ಗ್ಲೇಜ್ ಕೂಡ ಅಲ್ಲಿಯದೇ: ಊರಿನ ಕಲ್ಲು ಪುಡಿಮಾಡಿದ ಕೆಂಗಂದು ಬಣ್ಣ, ಭತ್ತದ ಹೊಟ್ಟಿನ ಬೂದಿಯ ಬಿಳಿ. ಚಕ್ಕಳಮಕ್ಕಳ ಕೂತು, ತಿಗರಿಯನ್ನು ಕೋಲಿನಿಂದ ತಿರುಗಿಸುತ್ತಿದ್ದರು, ನಮ್ಮ ಹಳ್ಳಿಯ ಕುಂಬಾರರ ಹಾಗೆಯೇ. 1925ರ ಹೊತ್ತಿಗೆ ಚಿಂತಕ ಯನಾಗಿ ಸೋಯೆತ್ಸು ಮತ್ತು ಕವಾಯಿ ಜೊತೆ ಸೇರಿ ಇಂಥ ಹೆಸರಿಲ್ಲದ ಕೈಗಳ ಕೆಲಸಕ್ಕೆ 'ಮಿಂಗೇ' ಎಂಬ ಪದ ಕಟ್ಟಿದರು. ಜನರ ಕಲೆ ಅಂತ ಅರ್ಥ.

ಹಮಾದಾ ಅವರ ದೊಡ್ಡ ತಟ್ಟೆಗಳನ್ನು ನೋಡಿ. ಸೌಟಿನಲ್ಲಿ ಗ್ಲೇಜ್ ತುಂಬಿಕೊಂಡು, ತಟ್ಟೆಯ ಅಡ್ಡಕ್ಕೆ ಒಂದೇ ಬೀಸಿಗೆ ಸುರಿಯುತ್ತಿದ್ದರು. ಗೆರೆ ಶುರುವಾಗುವಲ್ಲಿ ದಪ್ಪ, ಹೋಗ್ತಾ ಹೋಗ್ತಾ ತೆಳು, ಕೊನೆಗೆ ನಾಲ್ಕು ಹನಿ. ಬರೀ 15 ಸೆಕೆಂಡಿನ ಕೆಲಸ ಅಲ್ವಾ ಅಂದವರಿಗೆ, ಅಲ್ಲ, 60 ವರ್ಷ ಮತ್ತು 15 ಸೆಕೆಂಡು ಅಂದರಂತೆ. ನಾನೂ ಹಾಗೆ ಸುರಿದು ನೋಡಿದ್ದೇನೆ. ಕೈ ಒಂದು ಕ್ಷಣ ಅನುಮಾನಿಸಿದರೂ ಸಾಕು, ಅಲ್ಲೇ ಗ್ಲೇಜ್ ಗಡ್ಡೆ ಕಟ್ಟುತ್ತದೆ. ಆ ಗೆರೆಯನ್ನು ಬೇರೆಯವರು ಎಳೆಯುವುದು ಸುಲಭವಲ್ಲ. ಅದಕ್ಕಿಂತ ದೊಡ್ಡ ಸಹಿ ಇನ್ನೇನು ಬೇಕು?

1955ರಲ್ಲಿ ಜಪಾನ್ ಸರ್ಕಾರ ಮೊದಲ ಸಲ 'ಜೀವಂತ ರಾಷ್ಟ್ರೀಯ ನಿಧಿ' ಎಂಬ ಗೌರವಕ್ಕೆ ಕಲಾವಿದರನ್ನು ಆರಿಸಿದಾಗ ಅದರಲ್ಲಿ ಅವರೂ ಇದ್ದರು. ಆಗಲೂ ಪಾತ್ರೆಗೆ ಸಹಿ ಬರಲಿಲ್ಲ.

ಇನ್ನು ಗುರುತಿಸುವ ವಿಷಯ. ಜಪಾನಿನಲ್ಲಿ ಒಳ್ಳೆಯ ಪಾತ್ರೆಯನ್ನು ಮರದ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಾರೆ. ಹಮಾದಾ ಹೆಸರು ಬರೆಯುತ್ತಿದ್ದದ್ದು ಆ ಪೆಟ್ಟಿಗೆಯ ಮೇಲೆ. ಕೊಳ್ಳುವ ಯೋಚನೆ ಇದ್ದರೆ ಪೆಟ್ಟಿಗೆ ಇದೆಯಾ ಅಂತ ಮೊದಲು ಕೇಳಿ, ಆಮೇಲೆ ಅದರ ಬರಹವನ್ನು ಗೊತ್ತಿರುವವರಿಗೆ ತೋರಿಸಿ.