ಹತ್ತಿ ದರ: ಒಪ್ಪಂದಕ್ಕಿಂತ ಮೊದಲು ಸುಂಕ ನೋಡ್ರಿ

ಗದಗಿನ ಹತ್ತಿ ದರ ಬೀಳಾಕ ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದನ ಕಾರಣ ಅಂತ ಎಂ.ಎ. ಪ್ರಬಂಧದಾಗ ಬರೀಬಹುದಾ ಅಂತ ಕೇಳೀರಿ. ಅಷ್ಟಕ್ಕ ನಿಲ್ಲಸಬ್ಯಾಡ್ರಿ. 2022ರ ಡಿಸೆಂಬರಿನಾಗ ಜಾರಿಯಾದ ಆ ಒಪ್ಪಂದದಾಗ ಸುಂಕ ಇಲ್ಲದ ಬರೋದು ವರ್ಷಕ್ಕ 51,000 ಟನ್, ಅಂದ್ರ 170 ಕಿಲೋದ 3 ಲಕ್ಷ ಬೇಲ್. ನಮ್ಮ ದೇಶದ ಬೆಳಿ 300 ಲಕ್ಷ ಬೇಲಿನ ಆಸುಪಾಸು, ಅದರ ಮುಂದ ಇದು ನೂರಕ್ಕ ಒಂದರಷ್ಟ. ನೀವು ಹಿಡೀಬೇಕಾದ್ದು 11% ಆಮದು ಸುಂಕ. ಅದನ್ನ 2025ರ ಆಗಸ್ಟ್ 19ರಿಂದ ಡಿಸೆಂಬರ್ ಕೊನೆತನಕ ತಗದಿದ್ರು, ಸರಿಯಾಗಿ ನಮ್ಮ ಕಡೆ ಹತ್ತಿ ಬಿಡಿಸೋ ಹೊತ್ತಿಗೆ! ರೈತರಿಗೆ ಇದು ಅನ್ಯಾಯ ಅಂತನ ನಾ ಹೇಳ್ತೀನಿ.

ಡಿಸಿಎಚ್-32 (ಭಾಳ ಉದ್ದ ಎಳಿ ಹತ್ತಿ, ನಮ್ಮ ಧಾರವಾಡದ್ದೇ ತಳಿ) ದರ ಮಾತ್ರ ಬ್ಯಾರೆ ಇಡ್ರಿ. ಅಷ್ಟು ಉದ್ದ ಎಳಿ ಹತ್ತಿಗೆ 2024ರ ಫೆಬ್ರವರಿಯಾಗ ಸುಂಕ ಹೋಗೇದ. ಎಪಿಎಂಸಿ ದರದ ಜೋಡಿ ನ್ಯೂಯಾರ್ಕ್ ವಾಯಿದಾ ದರ (ಮುಂದ ಕೊಡೋ ಹತ್ತಿಗೆ ಈಗ ಕಟ್ಟೋ ದರ), ಡಾಲರ್ ಬೆಲೆ ಎರಡೂ ತೂಗಿ ನೋಡ್ರಿ.