ಗಾಡಿ ಆಮೇಲೆ ನೋಡೋಣ, ವಾಪಸ್ ಲೋಡ್ ಎಲ್ಲಿದೆ ಹೇಳು

ತಮ್ಮಾ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ಆರು ವರ್ಷ ಬೇರೆಯವರ ಲಾರಿ ಓಡಿಸಿದ್ದೀಯ, ಊರು ಶಿಗ್ಗಾಂವಿ, ಕೈಯಲ್ಲಿ 4 ಲಕ್ಷ ಇದೆ, ಸೆಕೆಂಡ್ ಹ್ಯಾಂಡ್ ಹತ್ತು ಗಾಲಿ ಲಾರಿ ತಗೊಂಡು ಸ್ವಂತ ಓಡಿಸಬೇಕು, ಯಾವ ಕಂಪನಿಯದು ಒಳ್ಳೆಯದು ಅಂತ ಕೇಳಿದ್ದೀಯ. ಗುಂಪಿನಲ್ಲಿ ಮೇಲೆ ಎಲ್ಲರೂ ಟಾಟಾನೋ ಲೇಲ್ಯಾಂಡೋ ಅಂತ ಜಗಳಕ್ಕೆ ನಿಂತಿದ್ದಾರೆ. ಎರಡೂ ಓಡುತ್ತವೆ. ಎರಡಕ್ಕೂ ಹುಬ್ಬಳ್ಳಿಯಲ್ಲಿ ಸ್ಪೇರ್ ಸಿಗುತ್ತದೆ, ಮೇಸ್ತ್ರಿ ಸಿಗುತ್ತಾನೆ. ಅದು ದೊಡ್ಡ ವಿಷಯವೇ ಅಲ್ಲ. (ವಯಸ್ಸಿನಲ್ಲಿ ಸಣ್ಣವನು ಅಂತ ಏಕವಚನದಲ್ಲೇ ಬರೆಯುತ್ತೇನೆ, ಬೇಜಾರಾಗಬೇಡ.)

ನಾನು ಕೇಳುವುದು ಬೇರೆ. ಇಲ್ಲಿಂದ ಏನು ತುಂಬುತ್ತೀಯ, ಅಲ್ಲಿಂದ ಏನು ತರುತ್ತೀಯ?

ಡ್ರೈವರ್ ಆಗಿದ್ದಾಗ ವಾಪಸ್ ಖಾಲಿ ಬಂದರೂ ನಿನ್ನ ಭತ್ಯೆ ನಿನಗೆ ಬರುತ್ತಿತ್ತು. ಈಗ ಹಾಗಲ್ಲ. ಹುಬ್ಬಳ್ಳಿಯಿಂದ ಬೆಂಗಳೂರು ಸುಮಾರು 410 ಕಿಲೋಮೀಟರ್. ಲೋಡ್ ಇದ್ದಾಗ ಲೀಟರಿಗೆ 4 ಕಿಲೋಮೀಟರ್, ಖಾಲಿ ಇದ್ದಾಗ 5 ಕೊಡುತ್ತದೆ ಅಂತ ಹಿಡಿ. ಡೀಸೆಲ್ 90 ರೂಪಾಯಿ ಅಂತ ಹಿಡಿ. ಹೋಗುವಾಗ 9,200 ರೂಪಾಯಿ, ಖಾಲಿ ಬರುವಾಗ 7,400. ಟೋಲ್ ಬೇರೆ. ಅಂದರೆ ಹೋಗುವ ಬಾಡಿಗೆಯಲ್ಲೇ ಬರುವ ಡೀಸೆಲ್ಲೂ ಹುಟ್ಟಬೇಕು. ಸುಮ್ನೆ ಒಂದು ಹಾಳೆ ಮೇಲೆ ಬರೆದು ನೋಡು, ಎದೆ ಝಲ್ ಅನ್ನುತ್ತದೆ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಹಾವೇರಿ ಕಡೆಯ ಮೆಕ್ಕೆಜೋಳ ತಮಿಳುನಾಡಿನ ನಾಮಕ್ಕಲ್ ಕೋಳಿ ಫಾರಂಗಳಿಗೆ ಹೋಗುತ್ತದೆ, ಅದು ನಿನಗೂ ಗೊತ್ತು. ಸೀಸನ್‌ನಲ್ಲಿ ಬೇಕಾದಷ್ಟು ಲೋಡ್ ಇರುತ್ತದೆ, ನಾನೂ ಮೊದಲು ಅದಕ್ಕೇ ಬಿದ್ದೆ. ಆದರೆ ಆ ಲೋಡ್ ಎತ್ತಲು ತಮಿಳುನಾಡಿನ ಗಾಡಿಗಳೂ ನಿಂತಿರುತ್ತವೆ. ಅವು ಊರಿಗೆ ಹೊರಟ ಗಾಡಿಗಳು. ಅವರಿಗೆ ಅದು ವಾಪಸ್ ಲೋಡ್, ಡೀಸೆಲ್ ಹುಟ್ಟಿದರೆ ಸಾಕು. ನಮಗೆ ಅದೇ ಹೋಗುವ ಲೋಡ್. ಅವರ ರೇಟಿಗೆ ನಾವು ಇಳಿದರೆ ಮನೆಯಿಂದ ದುಡ್ಡು ಹಾಕಿ ಓಡಿಸಿದ ಹಾಗೆ. ಇದು ತಲೆಗೆ ಹತ್ತಲು ನನಗೆ ಒಂದೂವರೆ ವರ್ಷ ಬೇಕಾಯಿತು.

ಕೊನೆಗೆ ಗದಗ, ಕೊಪ್ಪಳ, ಬಳ್ಳಾರಿ ದಾರಿ ಹಿಡಿದೆ. ಹೋಗುವಾಗ ಹುಬ್ಬಳ್ಳಿ ಹೋಲ್‌ಸೇಲ್ ಅಂಗಡಿಗಳ ಮಾಲು, ಅರ್ಧ ಗಾಡಿಯಾದರೂ ಸರಿ. ಬರುವಾಗ ತೋರಣಗಲ್ಲು ಕಡೆಯ ಕಬ್ಬಿಣ. ಸೀಸನ್‌ನಲ್ಲಿ ಬಳ್ಳಾರಿ, ರಾಯಚೂರು ಕಡೆಯ ಒಣಮೆಣಸಿನಕಾಯಿ ಬ್ಯಾಡಗಿ ಪೇಟೆಗೆ. ಬಾಡಿಗೆ ದೊಡ್ಡದಲ್ಲ, ಆದರೆ ಗಾಡಿ ಖಾಲಿ ಓಡುವುದು ಕಡಿಮೆ, ಎರಡು ದಿನಕ್ಕೊಮ್ಮೆ ಮನೆ ಊಟ.

ಮೆಣಸಿನಕಾಯಿ ತುಂಬುವುದಾದರೆ ಟನ್ ಲೆಕ್ಕಕ್ಕೆ ಒಪ್ಪಬೇಡ. ಅದು ಹಗುರ. ಬಾಡಿ ತುಂಬಿ ಮೇಲೆ ಕಟ್ಟಿದರೂ ಕಾಟಾದಲ್ಲಿ ತೂಕ ಕಾಣುವುದಿಲ್ಲ. ಚೀಲಕ್ಕೆ ಇಷ್ಟು ಅಥವಾ ಇಡೀ ಗಾಡಿಗೆ ಇಷ್ಟು ಅಂತ ಮಾತಾಡು. ಮತ್ತೆ ತಾಡಪತ್ರಿ. ನನ್ನ ಮೊದಲ ವರ್ಷ, ಏಪ್ರಿಲ್ ತಿಂಗಳು, ಅಣ್ಣಿಗೇರಿ ದಾಟುವಾಗ ಅಡ್ಡಮಳೆ ಹಿಡಿಯಿತು. ಹಳೇ ತಾಡಪತ್ರಿಯಲ್ಲಿ ರೂಪಾಯಿ ಅಗಲದ ಒಂದು ತೂತು. ಅಷ್ಟೇ. ಇಳಿಸುವಾಗ ಐದು ಚೀಲ ಒದ್ದೆ, ಹಮಾಲರು ಪಕ್ಕಕ್ಕೆ ಇಟ್ಟರು. ವ್ಯಾಪಾರಿ ಕೈ ಹಾಕಿ ಒಂದು ಹಿಡಿ ತೆಗೆದ, ಮೂಸಿ ನೋಡಿದ, ಏನೂ ಮಾತಾಡಲಿಲ್ಲ. ಬಾಡಿಗೆಯಲ್ಲಿ ಮುರಿದುಕೊಂಡ. ಆ ದುಡ್ಡಿಗೆ ಹೊಸ ತಾಡಪತ್ರಿಯೇ ಬರುತ್ತಿತ್ತು. ಘಾಟು ಮಾತ್ರ ವಾರಗಟ್ಟಲೆ ಕ್ಯಾಬಿನ್‌ನಲ್ಲೇ ಉಳಿಯುತ್ತದೆ, ಅದಕ್ಕೆ ಔಷಧಿ ಇಲ್ಲ.

ಈಗ ನಿನ್ನ 4 ಲಕ್ಷ. ಅಷ್ಟನ್ನೂ ಡೌನ್ ಪೇಮೆಂಟ್‌ಗೆ ಸುರಿಯಬೇಡ. ಎರಡೂವರೆ ಲಕ್ಷ ಡೌನ್ ಪೇಮೆಂಟ್‌ಗೆ ಕುದುರುವ ಗಾಡಿ ನೋಡು, ಉಳಿದ ಒಂದೂವರೆ ಮುಟ್ಟಬೇಡ. ಯಾಕೆ ಅಂದರೆ, ಲೋಡ್ ಮಾಡುವಾಗ ಅಡ್ವಾನ್ಸ್ ಬರುತ್ತದೆ, ಅದು ಡೀಸೆಲ್, ಟೋಲ್‌ಗೆ ಮುಗಿಯುತ್ತದೆ. ನಿನ್ನ ಲಾಭ ಇರುವುದು ಆಮೇಲೆ ಬರಬೇಕಾದ ಬ್ಯಾಲೆನ್ಸ್‌ನಲ್ಲಿ. ಮಾಲು ಇಳಿಸಿಕೊಂಡವರ ಸಹಿ ಹಾಕಿಸಿದ ಎಲ್‌ಆರ್ (ಲಾರಿ ರಸೀದಿ) ಕಾಪಿ ಆಫೀಸಿಗೆ ತಲುಪಬೇಕು, ಆಮೇಲೆ "ಸೋಮವಾರ ಬಾ" ಶುರು. ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನವರು ನನಗೆ 22,000 ಕೊಡಬೇಕು, ಮೂರು ವರ್ಷ ಆಯಿತು, ಇನ್ನೂ ಸೋಮವಾರ ಬಂದಿಲ್ಲ. ಫೈನಾನ್ಸ್‌ನವರ ಕಂತು ಮಾತ್ರ ತಿಂಗಳ 5ಕ್ಕೆ ತಪ್ಪದೆ ಬರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಲೋಡೂ ಕಡಿಮೆ. ಹತ್ತು ಟೈರ್ ಹೊಸದು ಹಾಕಿದರೆ 2 ಲಕ್ಷ ದಾಟುತ್ತದೆ, ಅದನ್ನೂ ನೆನಪಿಡು.

ಗಾಡಿ ನೋಡಲು ಹೋದಾಗ ಪೇಂಟ್ ನೋಡಬೇಡ, ಗೋಣಿಚೀಲ ಹಾಸಿಕೊಂಡು ಕೆಳಗೆ ಮಲಗು. ಚೇಸಿಸ್‌ಗೆ ವೆಲ್ಡಿಂಗ್ ಆಗಿದೆಯಾ, ಪ್ಲೇಟ್ ಬಡಿದಿದ್ದಾರಾ ಅಂತ ಕೈಯಾಡಿಸಿ ನೋಡು. ಆರ್‌ಸಿ ನಂಬರ್ ಹಾಕಿ ಟ್ಯಾಕ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಬಾಕಿ ಇರುವ ಚಲನ್ ಎಲ್ಲ ಮೊಬೈಲ್‌ನಲ್ಲೇ ತೆಗಿ. ಹಳೇ ಸಾಲ ತೀರಿದ ಎನ್‌ಒಸಿ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು, ಆ ಖರ್ಚೂ ಲೆಕ್ಕಕ್ಕೆ ಹಿಡಿ. ನ್ಯಾಷನಲ್ ಪರ್ಮಿಟ್ ಬೇಕಾದರೆ ವರ್ಷಕ್ಕೆ 16,500, ಜೊತೆಗೆ ಆಥರೈಸೇಷನ್ 1,000. ರಾಜ್ಯದೊಳಗೇ ಓಡಿಸುವುದಾದರೆ ಮೊದಲ ವರ್ಷ ಅದು ಬೇಕಾ ಅಂತ ಯೋಚನೆ ಮಾಡು. ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿ ತಗೊಂಡರೆ, ಹೊಗೆ ಶುದ್ಧ ಮಾಡಲು ಅದಕ್ಕೆ ಹಾಕುವ ಯೂರಿಯಾ ನೀರು ಅಗ್ಗಕ್ಕೆ ಸಿಕ್ಕಿತು ಅಂತ ಕ್ಯಾನ್‌ನಲ್ಲಿ ಮಾರುವವರ ಹತ್ತಿರ ತಗೋಬೇಡ. ಸೆನ್ಸರ್ ಕೈಕೊಟ್ಟರೆ ಏರಿನಲ್ಲಿ ಗಾಡಿ ಎಳೆಯುವುದೇ ಇಲ್ಲ.

ಓವರ್‌ಲೋಡ್ ಬಗ್ಗೆ ಮೇಲೆ ಒಬ್ಬರು "ಎಲ್ಲರೂ ಮಾಡುತ್ತಾರೆ" ಅಂದಿದ್ದಾರೆ. 2018ರಲ್ಲಿ ಹತ್ತು ಗಾಲಿ ಗಾಡಿಯ ಒಟ್ಟು ತೂಕ 25ರಿಂದ 28.5 ಟನ್‌ಗೆ ಏರಿತು, ನಿಜ. ಆದರೆ ನಿನ್ನ ಆರ್‌ಸಿಯಲ್ಲಿ ಏನು ಬರೆದಿದೆಯೋ ಅದೇ ಲೆಕ್ಕ. ಹಿಡಿದರೆ 20,000 ದಂಡ, ಮೇಲಿನ ಒಂದೊಂದು ಟನ್ನಿಗೂ 2,000. ಮೂರು ಟನ್ ಜಾಸ್ತಿ ಇದ್ದರೆ 26,000, ಜೊತೆಗೆ ಅಲ್ಲೇ ಇಳಿಸಬೇಕು. ಆ ಮೂರು ಟನ್ನಿಗೆ ನಿನಗೆ ಸಿಗುವ ಬಾಡಿಗೆ ಎಷ್ಟು, ನೀನೇ ಹೇಳು.

ಕಾಗದದ ವಿಷಯ ಎರಡೇ. ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ಕಾಗದ, ಇ-ವೇ ಬಿಲ್, 200 ಕಿಲೋಮೀಟರಿಗೆ ಒಂದು ದಿನ ನಡೆಯುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟರೆ ಮೇಸ್ತ್ರಿಗೆ ಫೋನ್ ಮಾಡಿದ ಕೂಡಲೇ ಆಫೀಸಿಗೂ ಫೋನ್ ಮಾಡಿ ಅವಧಿ ಮುಂದಕ್ಕೆ ಹಾಕಿಸು. ಎರಡನೆಯದು, ಹತ್ತು ಗಾಡಿಯ ತನಕ ಇರುವ ಮಾಲೀಕರು ಪ್ಯಾನ್ ಜೊತೆ ಡಿಕ್ಲರೇಷನ್ ಬರೆದು ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುವ ಹಾಗಿಲ್ಲ. ಕೇಳದೆ ಇದ್ದರೆ ಹಿಡಿದೇ ಹಿಡಿಯುತ್ತಾರೆ.

ಯಾವುದಾದರೂ ಗಾಡಿ ಮನಸ್ಸಿಗೆ ಬಂದರೆ ಆರ್‌ಸಿ ಫೋಟೋ ಕಳಿಸು, ಗುಂಪಿನಲ್ಲಿ ಹಾಕಬೇಡ, ನನಗೊಬ್ಬನಿಗೆ. ಹುಬ್ಬಳ್ಳಿ ಸುತ್ತ ಆದರೆ ನೋಡಲು ನಾನೂ ಬರುತ್ತೇನೆ. ಗುರುವಾರ ಮಾತ್ರ ಬೇಡ, ಅವತ್ತು ನನಗೆ ಬ್ಯಾಡಗಿ ಇರುತ್ತದೆ.